ಎರಡು ವಾರ್ಡುಗಳ ಲೆಕ್ಕ: ಡಾ. ಸೆಮ್ಮೆಲ್ವೈಸ್ ಅವರ ಜೀವನ

ನನ್ನದು ವಾಣಿಜ್ಯ ವಿಭಾಗ. ಈ ಸಂಚಿಕೆಗೆ ಒಬ್ಬ ಡಾಕ್ಟರರ ಜೀವನ ಬರೆಯುತ್ತೇನೆ ಎಂದಾಗ ಸೈನ್ಸ್ ಓದುವ ಗೆಳತಿಯರು ನಕ್ಕರು. ಆದರೆ ಈ ಡಾಕ್ಟರರ ಕಥೆ ಶುರುವಾಗುವುದೇ ಲೆಕ್ಕದ ಪುಸ್ತಕದಿಂದ. ಹಾಗಾಗಿ ನನಗೂ ಹಕ್ಕಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನನ್ನ ಆಪಾ, ಅಂದರೆ ಅಕ್ಕ, ಚೊಚ್ಚಲ ಹೆರಿಗೆಗೆಂದು ಅಂಕೋಲಾದ ನಮ್ಮ ಮನೆಗೆ ಬಂದಿದ್ದಳು. ಏಳನೇ ತಿಂಗಳು ನಡೆಯುತ್ತಿತ್ತು. ಮೂತ್ರಕ್ಕೆ ಹೋದಾಗ ಉರಿಯಾಗುತ್ತಿದ್ದುದನ್ನು ಅವಳು ಹತ್ತು ದಿನ ಯಾರಿಗೂ ಹೇಳಲಿಲ್ಲ. ನಾಚಿಕೆ. ಉರಿಯಾಗುತ್ತದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಹನ್ನೊಂದನೇ ರಾತ್ರಿ ಗಡಗಡ ನಡುಕ, ಮೈ ಕೆಂಡ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು ಮೇಲೆ ಹತ್ತಿ ಮೂತ್ರಪಿಂಡಕ್ಕೆ ಹೋಗಿದೆ ಎಂದರು ಡಾಕ್ಟರ್. ಬಸುರಿಯರಲ್ಲಿ ಇದು ಸಾಮಾನ್ಯವಂತೆ. ಗರ್ಭಕೋಶ ದೊಡ್ಡದಾಗುತ್ತಾ ಮೂತ್ರನಾಳವನ್ನು ಒತ್ತುತ್ತದೆ, ಮೂತ್ರ ನಿಂತಲ್ಲಿ ರೋಗಾಣು ಬೆಳೆಯುತ್ತದೆ. ಬಿಟ್ಟರೆ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಗಬಹುದಿತ್ತು. ಮೊದಲ ದಿನವೇ ಹೇಳಿದ್ದರೆ ಒಂದು ಮೂತ್ರ ಪರೀಕ್ಷೆ ಮತ್ತು ಕೆಲವು ದಿನದ ಮಾತ್ರೆಯಲ್ಲಿ ಮುಗಿಯುತ್ತಿತ್ತು. ಇದನ್ನು ಬರೆಯಲು ಆಪಾ ಒಪ್ಪಿದ್ದಾಳೆ. ತನ್ನ ಹೆಸರು ಮಾತ್ರ ಹಾಕಬಾರದು ಎಂದಿದ್ದಾಳೆ.

ಆಪಾಗೆ ಜ್ವರ ಬಂದ ಆ ರಾತ್ರಿಯಿಂದ ನಮ್ಮ ದಾದಿ ಊಟ ಬಿಟ್ಟರು. ಕನ್ನಡದಲ್ಲಿ ದಾದಿ ಎಂದರೆ ನರ್ಸ್. ನಮ್ಮ ಮನೆಯ ಉರ್ದುವಿನಲ್ಲಿ ಅಬ್ಬಾನ ತಾಯಿ. ಮೂರನೇ ಕ್ಲಾಸಿನಲ್ಲಿ ನಾನು ನಮ್ಮ ಮನೆಯಲ್ಲಿ ಒಬ್ಬರು ದಾದಿ ಇದ್ದಾರೆ ಎಂದು ಬರೆದು, ಅವರು ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಟೀಚರ್ ಕೇಳಿದ್ದರು. ದಾದಿಗೆ ಈಗ ಎಪ್ಪತ್ತೆಂಟು. ಅವರಿಗೆ ಐದು ವರ್ಷವಿದ್ದಾಗ ಅವರ ತಾಯಿ ತೀರಿಕೊಂಡರು. ಗಂಡುಮಗು ಹೆತ್ತು ಮೂರನೇ ದಿನ ಜ್ವರ ಬಂತು, ಹನ್ನೊಂದನೇ ದಿನ ಹೋದರು. ಬಾಣಂತಿಗೆ ಥಂಡಿಗಾಳಿ ತಾಗಿತು ಎಂದು ಎಲ್ಲರೂ ಹೇಳಿದರು. ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಅಷ್ಟೇ. ದಾದಿ ಈಗಲೂ ರಾತ್ರಿ ಎರಡು ಸಲ ಎದ್ದು ಬಾಗಿಲ ಅಗಳಿ ನೋಡುತ್ತಾರೆ. ಕಳ್ಳರ ಭಯ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಆಪಾ ಐದು ದಿನ ವಾರ್ಡಿನಲ್ಲಿದ್ದಳು. ಪ್ರತಿ ಮಂಚದ ಹತ್ತಿರ ಒಂದು ಬಾಟಲಿ ತೂಗುಹಾಕಿದ್ದರು. ಡಾಕ್ಟರ್, ನರ್ಸ್ ಯಾರೇ ಬರಲಿ, ಅದನ್ನು ಒತ್ತಿ ಕೈ ಉಜ್ಜಿಕೊಂಡೇ ಆಪಾಳನ್ನು ಮುಟ್ಟುತ್ತಿದ್ದರು. ಒಂದು ರಾತ್ರಿ ಮಾತ್ರ ಒಬ್ಬರು ಪಕ್ಕದ ಮಂಚದಿಂದ ಅದೇ ಗ್ಲೌಸಿನಲ್ಲಿ ನಮ್ಮ ಮಂಚಕ್ಕೆ ಬಂದರು. ನಾನು ನೋಡಿದೆ. ಅಮ್ಮಿಯೂ ನೋಡಿದರು. ಇಬ್ಬರೂ ಬಾಯಿ ಬಿಡಲಿಲ್ಲ. ಹೇಳಿದರೆ ಸಿಟ್ಟಾಗಿ ಆಪಾಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಎಂಬ ಹೆದರಿಕೆ. ಅದರಿಂದ ಏನೂ ಆಗಲಿಲ್ಲ ನಿಜ, ಆದರೆ ಸುಮ್ಮನಿದ್ದದ್ದು ನನಗೆ ಇವತ್ತಿಗೂ ಕೊರೆಯುತ್ತದೆ. ಮರುದಿನ ಒಬ್ಬ ನರ್ಸ್ ಅಕ್ಕನ ಹತ್ತಿರ, ಈ ಕೈ ಉಜ್ಜುವ ಪದ್ಧತಿ ಯಾರು ಶುರುಮಾಡಿದ್ದು ಎಂದು ಕೇಳಿದೆ. ಅವರು ಹೇಳಿದ ಹೆಸರನ್ನು ಲ್ಯಾಬ್ ರಸೀದಿಯ ಹಿಂದೆ ಕೇಳಿದ ಹಾಗೆ ಬರೆದುಕೊಂಡೆ. ಆಮೇಲೆ ಓದುತ್ತಾ ಹೋದೆ.

ಇಗ್ನಾಜ್ ಸೆಮ್ಮೆಲ್ವೈಸ್ ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾ ಊರಿನಲ್ಲಿ. ಇಂದಿನ ಬುಡಾಪೆಸ್ಟ್ ನಗರದ ಅರ್ಧ ಭಾಗ ಅದು. ನದಿಯ ಆಚೆ ದಡದ ಪೆಸ್ಟ್ ಇನ್ನರ್ಧ. ತಂದೆಯದು ಕಿರಾಣಿ ಅಂಗಡಿ, ಸಗಟು ವ್ಯಾಪಾರವೂ ಇತ್ತು. ಹತ್ತು ಮಕ್ಕಳಲ್ಲಿ ಇವರು ಐದನೆಯವರು. ಇದನ್ನು ಓದಿದಾಗ ನನಗೆ ಖುಷಿಯಾಯಿತು, ಏಕೆಂದರೆ ನನ್ನ ಅಬ್ಬಾನದೂ ಕಿರಾಣಿ ಅಂಗಡಿ, ಸಂಜೆ ಉದ್ರಿ ಪುಸ್ತಕ ಬರೆಯುವುದು ನಾನು. ಇನ್ನೊಂದು ಸಂಗತಿಯೂ ನನಗೆ ಹತ್ತಿರವಾಯಿತು. ಅವರ ಊರು ಹಂಗೇರಿಯಲ್ಲಿದ್ದರೂ ಮನೆಮಾತು ಜರ್ಮನ್, ಅದೂ ಬುಡಾ ಕಡೆಯ ಒಂದು ಬಗೆಯ ಜರ್ಮನ್. ವಿಯೆನ್ನಾಕ್ಕೆ ಓದಲು ಹೋದಾಗ ಅಲ್ಲಿಯವರಿಗೆ ಅದು ಹೊರಗಿನವರ ಮಾತಿನಂತೆ ಕೇಳಿಸುತ್ತಿತ್ತು. ಬರೆಯುವುದೆಂದರೆ ಅವರಿಗೆ ಜೀವನವಿಡೀ ಆಗುತ್ತಿರಲಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆ ಇರುವವರಿಗೆ ಪೆನ್ನು ಹಿಡಿದಾಗ ಏನಾಗುತ್ತದೆ ಎಂಬುದು ನಮ್ಮ ಕಾಲೇಜಿನಲ್ಲಿ ಅರ್ಧ ಜನಕ್ಕೆ ಗೊತ್ತು. ಅವರು ಬರೆಯದೆ ಹೋದದ್ದು ಮುಂದೆ ದೊಡ್ಡ ನಷ್ಟವಾಯಿತು.

1837ರಲ್ಲಿ ಅವರು ವಿಯೆನ್ನಾಕ್ಕೆ ಹೋದದ್ದು ಕಾನೂನು ಓದಲು. ಆದರೆ ಬೇಗನೆ ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. 1844ರಲ್ಲಿ ಪದವಿ ಸಿಕ್ಕಿತು. 1846ರ ಜುಲೈಯಲ್ಲಿ ವಿಯೆನ್ನಾದ ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೊಹಾನ್ ಕ್ಲೈನ್ ಅವರಿಗೆ ಸಹಾಯಕರಾದರು. ಆಗ ವಯಸ್ಸು 28.

ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಬಡ ಹೆಂಗಸರಿಗೆ ಅಲ್ಲಿ ಹೆರಿಗೆ ಉಚಿತ. ಬದಲಿಗೆ ಕಲಿಯುವವರು ಅವರನ್ನು ಪರೀಕ್ಷೆ ಮಾಡಿ ಕಲಿಯುತ್ತಿದ್ದರು. ಒಂದನೇ ವಾರ್ಡಿನಲ್ಲಿ ಡಾಕ್ಟರಿಕೆ ಓದುವ ಹುಡುಗರು, ಎರಡನೇ ವಾರ್ಡಿನಲ್ಲಿ ಸೂಲಗಿತ್ತಿ ಕೆಲಸ ಕಲಿಯುವ ಹೆಂಗಸರು. ಸೇರಿಸಿಕೊಳ್ಳುವ ಸರದಿ ಒಂದು ದಿನ ಈ ವಾರ್ಡಿಗೆ, ಮರುದಿನ ಆ ವಾರ್ಡಿಗೆ. ಬಸುರಿಯರಿಗೆ ಈ ಸರದಿ ಬಾಯಿಪಾಠವಾಗಿತ್ತು. ಒಂದನೇ ವಾರ್ಡಿನ ಸರದಿಯ ದಿನ ಬಂದವರು ಮೊಣಕಾಲೂರಿ ಬೇಡುತ್ತಿದ್ದರು, ತಮ್ಮನ್ನು ಎರಡನೆಯದಕ್ಕೆ ಕಳಿಸಿ ಎಂದು. ಕೆಲವರು ದಾರಿಯಲ್ಲೇ ಹೆತ್ತು ಕೂಸನ್ನು ಎತ್ತಿಕೊಂಡು ಬರುತ್ತಿದ್ದರು.

ಕಾರಣ ಬಾಣಂತಿ ಜ್ವರ. ಹೆತ್ತ ಎರಡು ಮೂರು ದಿನಕ್ಕೆ ಜ್ವರ, ಹೊಟ್ಟೆ ಉಬ್ಬರ, ತಡೆಯಲಾರದ ನೋವು, ಆಮೇಲೆ ಸಾವು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಎಲ್ಲವೂ ದಾಖಲಾಗಿತ್ತು. 1841ರಿಂದ 1846ರವರೆಗಿನ ಆರು ವರ್ಷ ಕೂಡಿಸಿದರೆ, ಒಂದನೇ ವಾರ್ಡಿನಲ್ಲಿ ಹೆರಿಗೆ 20,042, ಸತ್ತ ತಾಯಂದಿರು 1,989. ಎರಡನೆಯದರಲ್ಲಿ ಹೆರಿಗೆ 17,791, ಸಾವು 691. ಒಂದು ಕಡೆ ನೂರಕ್ಕೆ ಹತ್ತು, ಇನ್ನೊಂದು ಕಡೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಒಂದೇ ಆಸ್ಪತ್ರೆ, ಒಂದೇ ಊರು, ಅದೇ ಗಾಳಿ, ಅದೇ ಊಟ. ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಎರಡು ವರ್ಷದ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಎಲ್ಲಿ ಬಂತೆಂದು ಹುಡುಕುತ್ತೇವಲ್ಲ, ಸೆಮ್ಮೆಲ್ವೈಸ್ ಮಾಡಿದ್ದು ಅದನ್ನೇ. ಕಲಿತ ಡಾಕ್ಟರರೆಲ್ಲ ಆಗ ಆಕಾಶದ, ಭೂಮಿಯ, ಹವೆಯ ಯಾವುದೋ ಕೆಟ್ಟ ಪ್ರಭಾವದಿಂದ ಈ ಜ್ವರ ಬರುತ್ತದೆ ಎಂದು ನಂಬಿದ್ದರು. ಹವೆ ಕೆಟ್ಟಿದ್ದರೆ ಎರಡೂ ವಾರ್ಡಿಗೆ ಕೆಡಬೇಕು. ಬೀದಿಯಲ್ಲಿ ಹೆತ್ತು ಬಂದವರಿಗಂತೂ ಇನ್ನೂ ಹೆಚ್ಚು ತಾಗಬೇಕು. ಆದರೆ ಅವರಿಗೆ ಈ ಜ್ವರ ಬರುತ್ತಿದ್ದುದೇ ಅಪರೂಪ.

ಅವರು ಒಂದೊಂದೇ ವ್ಯತ್ಯಾಸವನ್ನು ಅಳಿಸುತ್ತಾ ಬಂದರು. ಜನಸಂದಣಿಯೇ? ಜನ ಹೆಚ್ಚು ತುಂಬುತ್ತಿದ್ದುದು ಎರಡನೇ ವಾರ್ಡಿನಲ್ಲಿ. ಮಲಗಿಸುವ ರೀತಿಯೇ? ಎರಡನೇ ವಾರ್ಡಿನಂತೆ ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸಿದರು, ಏನೂ ಬದಲಾಗಲಿಲ್ಲ. ಸಾಯುತ್ತಿರುವವರ ಬಳಿಗೆ ಪಾದ್ರಿ ಗಂಟೆ ಬಾರಿಸುತ್ತಾ ಒಂದನೇ ವಾರ್ಡಿನ ನಡುವೆ ಹಾದುಹೋಗುತ್ತಿದ್ದರು, ಆ ಸದ್ದಿಗೇ ಹೆದರಿ ಬಾಣಂತಿಯರು ಸಾಯುತ್ತಾರೆ ಎಂದು ಕೆಲವರು ಹೇಳುತ್ತಿದ್ದರು. ಗಂಟೆ ನಿಲ್ಲಿಸಿ ಬೇರೆ ದಾರಿಯಲ್ಲಿ ಬರಲು ಕೇಳಿಕೊಂಡರು. ಸಾವು ನಿಲ್ಲಲಿಲ್ಲ. ಸರ್ಕಾರದ ಸಮಿತಿಯೊಂದು ವಿದ್ಯಾರ್ಥಿಗಳು ಒರಟಾಗಿ ಪರೀಕ್ಷೆ ಮಾಡುವುದೇ ಕಾರಣವೆಂದು ಅವರ ಸಂಖ್ಯೆಯನ್ನು 42ರಿಂದ 20ಕ್ಕೆ ಇಳಿಸಿತು. ಸ್ವಲ್ಪ ದಿನ ಸಾವು ಇಳಿಯಿತು, ಮತ್ತೆ ಏರಿತು.

1847ರ ಮಾರ್ಚಿನಲ್ಲಿ ಅವರು ಗೆಳೆಯರೊಂದಿಗೆ ವೆನಿಸ್ ನೋಡಲು ಹೋಗಿದ್ದರು. ತಿರುಗಿ ಬಂದಾಗ ಕಿವಿಗೆ ಬಿದ್ದದ್ದು ತಾವು ಬಹಳ ಗೌರವಿಸುತ್ತಿದ್ದ ಸಹೋದ್ಯೋಗಿ ಯಾಕೋಬ್ ಕೊಲೆಚ್ಕಾ ತೀರಿಕೊಂಡ ಸುದ್ದಿ. ಕೊಲೆಚ್ಕಾ ಶವ ಕೊಯ್ದು ಪರೀಕ್ಷೆ ಮಾಡುವುದನ್ನು ಕಲಿಸುತ್ತಿದ್ದರು. ಒಬ್ಬ ವಿದ್ಯಾರ್ಥಿಯ ಚಾಕು ಅವರ ಬೆರಳಿಗೆ ಚುಚ್ಚಿತು, ಕೆಲವೇ ದಿನದಲ್ಲಿ ಮೈಯೆಲ್ಲ ನಂಜೇರಿ ಸತ್ತರು. ಸೆಮ್ಮೆಲ್ವೈಸ್ ಆ ಶವಪರೀಕ್ಷೆಯ ವರದಿ ಓದಿದರು. ಒಳಗೆ ಕಂಡದ್ದೆಲ್ಲ ಬಾಣಂತಿ ಜ್ವರದಿಂದ ಸತ್ತ ಹೆಂಗಸರ ದೇಹದಲ್ಲಿ ಕಂಡಂಥದ್ದೇ. ಕೊಲೆಚ್ಕಾ ಗಂಡಸು. ಅವರಿಗೆ ಬಾಣಂತಿ ಜ್ವರ ಎಲ್ಲಿಂದ ಬಂತು? ಚಾಕುವಿನ ಮೊನೆಗೆ ಅಂಟಿದ್ದ ಶವದ ಕಣಗಳಿಂದ. ಹಾಗಾದರೆ ಆ ಹೆಂಗಸರಿಗೆ?

ಒಂದನೇ ವಾರ್ಡಿನ ಡಾಕ್ಟರರು ಮತ್ತು ವಿದ್ಯಾರ್ಥಿಗಳು ಬೆಳಿಗ್ಗೆ ಶವ ಕೊಯ್ಯುತ್ತಿದ್ದರು. ಅಲ್ಲಿಂದ ನೇರವಾಗಿ ಬಂದು ಅದೇ ಕೈಯಲ್ಲಿ ಹೆರಿಗೆ ನೋವಿನಲ್ಲಿರುವವರ ಒಳಪರೀಕ್ಷೆ ಮಾಡುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ವ್ಯತ್ಯಾಸ ಅದೊಂದೇ ಉಳಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಾವು ವಜೂ ಮಾಡುವಾಗ ದಿನಕ್ಕೆ ಎಷ್ಟೋ ಸಲ ಕೈ ತೊಳೆಯುತ್ತೇವೆ, ಕೈ ತೊಳೆಯಲು ಹೇಳಿದ್ದು ಅಷ್ಟು ದೊಡ್ಡ ಸಂಶೋಧನೆಯೇ ಎಂದು ನನಗೆ ಮೊದಲು ಅನಿಸಿತ್ತು. ಆದರೆ ವಿಯೆನ್ನಾದ ಡಾಕ್ಟರರೂ ಸಾಬೂನು ಹಾಕಿ ಕೈ ತೊಳೆಯುತ್ತಿದ್ದರು. ಕೈ ನೋಡಲು ಸ್ವಚ್ಛವಾಗಿತ್ತು. ಆದರೂ ಶವದ ವಾಸನೆ ಹೋಗುತ್ತಿರಲಿಲ್ಲ. ವಾಸನೆ ಉಳಿದಿದೆ ಎಂದರೆ ಕಣವೂ ಉಳಿದಿದೆ ಎಂದು ಸೆಮ್ಮೆಲ್ವೈಸ್ ತೀರ್ಮಾನಿಸಿದರು. ವಾಸನೆಯನ್ನು ತೆಗೆಯುವ ವಸ್ತು ಕ್ಲೋರಿನ್. 1847ರ ಮೇ ತಿಂಗಳ ನಡುವೆ, ಶವಾಗಾರದಿಂದ ಬಂದವರು ಕ್ಲೋರಿನ್ ನೀರಿನಲ್ಲಿ ಕೈ ಅದ್ದಿ ಉಜ್ಜದೆ ಯಾವ ಹೆಂಗಸನ್ನೂ ಮುಟ್ಟುವಂತಿಲ್ಲ ಎಂದು ನಿಯಮ ಮಾಡಿದರು. ಸ್ವಲ್ಪ ದಿನದಲ್ಲಿ ಅದು ದುಬಾರಿಯಾಯಿತು. ಆಗ ಅಗ್ಗದ ಕ್ಲೋರಿನ್ ಸುಣ್ಣಕ್ಕೆ ಬದಲಾಯಿಸಿದರು. ಕಿರಾಣಿ ಅಂಗಡಿಯ ಮಗ!

ಕ್ಲೋರಿನ್ ಸುಣ್ಣ ಎಂದರೆ ನಮಗೆಲ್ಲ ಗೊತ್ತಿರುವ ಬ್ಲೀಚಿಂಗ್ ಪೌಡರ್. ಮಳೆಗಾಲದಲ್ಲಿ ಬಾವಿಗೆ ಹಾಕುತ್ತಾರಲ್ಲ, ಮರುದಿನ ಚಹಾಕ್ಕೂ ಅದರ ವಾಸನೆ ಬರುತ್ತದಲ್ಲ, ಅದೇ. ನಾನು ಅಂಕೋಲಾದಿಂದ ಕಾಲೇಜಿಗೆ ಬರುವ ಬಸ್ಸು ಕಾರವಾರ ಮುಟ್ಟುವ ಮೊದಲು ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯ ಎದುರು ಹಾದುಬರುತ್ತದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತೆಗೆಯುವಾಗ ಜೊತೆಗೆ ಬರುವುದು ಇದೇ ಕ್ಲೋರಿನ್ ಎಂದು ಸೈನ್ಸಿನ ಗೆಳತಿ ಹೇಳಿದಳು. ನಕ್ಕವಳು ಅವಳೇ, ಹೇಳಿಕೊಟ್ಟವಳೂ ಅವಳೇ.

ಈಗ ಲೆಕ್ಕ. 1847ರ ಏಪ್ರಿಲಿನಲ್ಲಿ ಒಂದನೇ ವಾರ್ಡಿನಲ್ಲಿ ಹೆರಿಗೆ 312, ಸಾವು 57. ಮೇಯಲ್ಲಿ ಹೆರಿಗೆ 294, ಸಾವು 36. ಜೂನಿನಲ್ಲಿ ಹೆರಿಗೆ 268, ಸಾವು 6. ಜುಲೈಯಲ್ಲಿ 250ಕ್ಕೆ 3. ನಾನು ಈ ಅಂಕಿಗಳನ್ನು ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ಬಹಳ ಹೊತ್ತು ನೋಡಿದೆ. 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗೆ 45 ಸಾವು. ಮಾರ್ಚ್ ಮತ್ತು ಆಗಸ್ಟ್ ತಿಂಗಳಲ್ಲಿ ಒಬ್ಬರೂ ಸಾಯಲಿಲ್ಲ. 1846ರಲ್ಲಿ 4,010 ಹೆರಿಗೆಗೆ 459 ಜನ ಸತ್ತಿದ್ದರು. ಅದೇ ಪ್ರಮಾಣ ಮುಂದುವರಿದಿದ್ದರೆ 1848ರಲ್ಲಿ ಸುಮಾರು 407 ಜನ ಸಾಯಬೇಕಿತ್ತು. ಅಂದರೆ ಒಂದೇ ವರ್ಷ, ಒಂದೇ ವಾರ್ಡಿನಲ್ಲಿ 360 ತಾಯಂದಿರು ಕೂಸಿನೊಂದಿಗೆ ಹೊರಗೆ ನಡೆದು ಹೋದರು. ತಾವು ಯಾವುದರಿಂದ ಪಾರಾದೆವು ಎಂಬುದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ನಡುವೆ ಒಂದು ಪೆಟ್ಟೂ ಬಿತ್ತು. 1847ರ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸನ್ನು ಮೊದಲ ಮಂಚದಲ್ಲಿ ಮಲಗಿಸಿದ್ದರು. ಅವಳನ್ನು ಪರೀಕ್ಷಿಸಿದ ಮೇಲೆ ಸಾಬೂನಿನಲ್ಲಷ್ಟೇ ಕೈ ತೊಳೆದು ಸಾಲಾಗಿ ಉಳಿದವರನ್ನು ನೋಡಿದರು. ಆ ಸಾಲಿನಲ್ಲಿ ಹನ್ನೆರಡು ಜನ ಹೆತ್ತರು, ಹನ್ನೊಂದು ಜನ ಸತ್ತರು. ಅಂದರೆ ನಂಜು ಶವದಿಂದ ಮಾತ್ರ ಬರಬೇಕೆಂದಿಲ್ಲ, ಬದುಕಿರುವ ರೋಗಿಯಿಂದಲೂ ಬರುತ್ತದೆ. ಅಂದಿನಿಂದ ಒಬ್ಬರನ್ನು ಮುಟ್ಟಿದ ಮೇಲೆ ಇನ್ನೊಬ್ಬರನ್ನು ಮುಟ್ಟುವ ಮೊದಲು ಪ್ರತಿ ಸಲವೂ ಕ್ಲೋರಿನ್ ಕಡ್ಡಾಯವಾಯಿತು. ಆಪಾಳ ಮಂಚದ ಹತ್ತಿರ ತೂಗುತ್ತಿದ್ದ ಬಾಟಲಿಯ ಅರ್ಥ ನನಗೆ ತಿಳಿದದ್ದು ಇಲ್ಲಿ. ಆ ರಾತ್ರಿ ಬದಲಾಯಿಸದ ಗ್ಲೌಸಿನ ಅರ್ಥವೂ.

ಸೆಮ್ಮೆಲ್ವೈಸ್ ಅವರಿಗೆ ಇದರಿಂದ ಸಂತೋಷವಾಯಿತೇ? ಇಲ್ಲ. ಶವ ಕೊಯ್ಯುವುದರಲ್ಲಿ ಅವರಷ್ಟು ಶ್ರದ್ಧೆ ಯಾರಿಗೂ ಇರಲಿಲ್ಲ. ಬಾಣಂತಿಯರು ಏಕೆ ಸಾಯುತ್ತಾರೆಂದು ತಿಳಿಯಲು ಪ್ರತಿದಿನ ಬೆಳಿಗ್ಗೆ ಸತ್ತ ಬಾಣಂತಿಯರನ್ನೇ ಪರೀಕ್ಷಿಸಿ, ಆಮೇಲೆ ವಾರ್ಡಿಗೆ ಬರುತ್ತಿದ್ದರು. ಹೆಚ್ಚು ಶ್ರದ್ಧೆ ಇದ್ದವರಿಂದಲೇ ಹೆಚ್ಚು ಸಾವು. ಇದನ್ನು ಅವರು ಮುಚ್ಚಿಡಲಿಲ್ಲ, ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು. ಜರ್ಮನಿಯ ಕೀಲ್ ಊರಿನ ಪ್ರೊಫೆಸರ್ ಮಿಖಾಯೆಲಿಸ್ ಎಂಬವರು ಈ ವಿಷಯವನ್ನು ಮೊದಲು ಒಪ್ಪಿದವರಲ್ಲಿ ಒಬ್ಬರು. ತಮ್ಮ ಹತ್ತಿರದ ಸಂಬಂಧಿಯ ಹೆರಿಗೆಯನ್ನು ತಾವೇ ನೋಡಿದ್ದರು, ಅವರು ಬಾಣಂತಿ ಜ್ವರದಿಂದ ತೀರಿಹೋಗಿದ್ದರು. ಆ ಕೊರಗಿನಲ್ಲಿ 1848ರಲ್ಲಿ ಪ್ರಾಣ ಕಳೆದುಕೊಂಡರು.

ಉಳಿದ ದೊಡ್ಡವರು ಹಾಗೆ ಕೊರಗಲಿಲ್ಲ, ಸಿಟ್ಟಾದರು. ನಿಮ್ಮ ಕೈಯಿಂದಲೇ ಸಾವು ಬರುತ್ತಿದೆ ಎಂದರೆ ಯಾವ ಪ್ರೊಫೆಸರ್ ಸಹಿಸುತ್ತಾರೆ? ಕ್ಲೈನ್ 1849ರ ಮಾರ್ಚಿನಲ್ಲಿ ಅವರ ಹುದ್ದೆಯನ್ನು ಮುಂದುವರಿಸಲಿಲ್ಲ. ಗೆಳೆಯ ಹೆಬ್ರಾ ಅವರು ವೈದ್ಯಕೀಯ ಪತ್ರಿಕೆಯಲ್ಲಿ ಇವರ ಪರವಾಗಿ ಬರೆದರು. ಇವರು ಮಾತ್ರ ಬರೆಯಲಿಲ್ಲ. ಹೊರಗಿನವರಿಗೆ ಅರ್ಧ ಸುದ್ದಿ ಮಾತ್ರ ಮುಟ್ಟಿತು: ಶವದ ಕಣ ಎಂಬುದಷ್ಟೇ. ಶವ ಮುಟ್ಟದ ಆಸ್ಪತ್ರೆಗಳಲ್ಲೂ ಜ್ವರವಿದೆಯಲ್ಲ ಎಂದು ಅವರು ತಳ್ಳಿಹಾಕಿದರು. ಹನ್ನೊಂದು ಜನ ಸತ್ತ ಆ ಸಾಲಿನ ವಿಷಯವನ್ನು ಆಗಲೇ ವಿವರವಾಗಿ ಬರೆದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಇದರಲ್ಲಿ ತಪ್ಪು ಅವರದ್ದೂ ಇದೆ. 1850ರ ಅಕ್ಟೋಬರಿನಲ್ಲಿ ಪಾಠ ಹೇಳುವ ಹುದ್ದೆ ಕೊಟ್ಟರು, ಆದರೆ ಗೊಂಬೆಯ ಮೇಲೆ ಮಾತ್ರ ತೋರಿಸಬೇಕೆಂಬ ಷರತ್ತು ಹಾಕಿದರು. ಅವಮಾನವಾಗಿ, ಕೆಲವೇ ದಿನದಲ್ಲಿ ಗೆಳೆಯರಿಗೂ ಹೇಳದೆ ವಿಯೆನ್ನಾ ಬಿಟ್ಟು ಪೆಸ್ಟ್‌ಗೆ ಹೋದರು. ಇವರ ಪರವಾಗಿ ಹೋರಾಡಿದ ಗೆಳೆಯರಿಗೂ ಇದರಿಂದ ಬೇಸರವಾಯಿತು.

ಪೆಸ್ಟ್‌ನ ಸಂತ ರೋಖಸ್ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಹೆರಿಗೆ ವಿಭಾಗ ನೋಡಿಕೊಂಡರು. 1851ರಿಂದ 1857ರವರೆಗೆ 933 ಹೆರಿಗೆ, ಬಾಣಂತಿ ಜ್ವರದಿಂದ ಸತ್ತವರು 8 ಜನ. 1855ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. 1857ರಲ್ಲಿ ಮಾರಿಯಾ ಅವರನ್ನು ಮದುವೆಯಾದರು. ಕೊನೆಗೂ 1861ರಲ್ಲಿ, ಅಂದರೆ ಕಂಡುಹಿಡಿದು ಹದಿನಾಲ್ಕು ವರ್ಷದ ಮೇಲೆ, ದೊಡ್ಡ ಪುಸ್ತಕ ಬಂತು. ತುಂಬ ಕೋಷ್ಟಕ, ತುಂಬ ಜಗಳ. ಒಪ್ಪದವರಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರೆಂದು ಜರೆದರು. ಕೊಲೆಗಾರ ಎಂದು ಕರೆಸಿಕೊಂಡವರು ಕೈ ತೊಳೆಯಲು ಹೋಗುತ್ತಾರೆಯೇ? ಮತ್ತಷ್ಟು ದೂರವಾದರು.

ಆಮೇಲಿನದು ಬರೆಯಲು ಮನಸ್ಸಾಗುವುದಿಲ್ಲ, ಬೇಗ ಮುಗಿಸುತ್ತೇನೆ. 1865ರ ಹೊತ್ತಿಗೆ ಅವರ ನಡವಳಿಕೆ ಕೆಟ್ಟಿತ್ತು. ಜುಲೈ ಕೊನೆಗೆ ವಿಯೆನ್ನಾಕ್ಕೆ ಕರೆದುಕೊಂಡು ಬಂದರು. ಗೆಳೆಯ ಹೆಬ್ರಾ ಅವರೇ ತಮ್ಮ ಹೊಸ ಆಸ್ಪತ್ರೆ ತೋರಿಸುವ ನೆಪದಲ್ಲಿ ಮಾನಸಿಕ ಆಸ್ಪತ್ರೆಯೊಳಗೆ ಕರೆದೊಯ್ದರು. ಹೊರಬರಲು ಯತ್ನಿಸಿದಾಗ ಕಾವಲಿನವರಿಂದ ಏಟು ತಿಂದರು. ಗಾಯ ಕೊಳೆತು ನಂಜೇರಿತು. ಆಗಸ್ಟ್ 13ರಂದು, 47ನೇ ವಯಸ್ಸಿನಲ್ಲಿ, ಕೊಲೆಚ್ಕಾ ಸತ್ತ ರೀತಿಯಲ್ಲೇ, ಆ ಹೆಂಗಸರು ಸತ್ತ ರೀತಿಯಲ್ಲೇ ಸತ್ತರು. ಅದರ ಹಿಂದಿನ ದಿನ, ಆಗಸ್ಟ್ 12ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಒಬ್ಬ ಹುಡುಗನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದರು. ಗಾಯ ನಂಜಾಗಲಿಲ್ಲ, ಹುಡುಗ ಉಳಿದ. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ಪ್ಯಾರಿಸ್ಸಿನಲ್ಲಿ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು, ಮಣಿಸರದ ಹಾಗೆ ಇರುತ್ತದೆ. ಸೆಮ್ಮೆಲ್ವೈಸ್ ಅದನ್ನು ಕಣ್ಣಿನಿಂದ ನೋಡಿರಲೇ ಇಲ್ಲ, ರಿಜಿಸ್ಟರಿನಲ್ಲಿ ಮಾತ್ರ ನೋಡಿದ್ದರು.

ಈಗ ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಅವರು ಹುಟ್ಟಿದ ಮನೆ ಮ್ಯೂಸಿಯಂ ಆಗಿದೆ.

ನಮ್ಮ ಕಡೆಯ ಲೆಕ್ಕವನ್ನೂ ಹುಡುಕಿದೆ. 2018–20ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗೆ ತೀರಿಕೊಂಡ ತಾಯಂದಿರು 69, ಇಡೀ ದೇಶದಲ್ಲಿ 97. ಇದರಲ್ಲಿ ರಕ್ತಸ್ರಾವ, ರಕ್ತದೊತ್ತಡ, ಸೋಂಕು ಎಲ್ಲ ಕಾರಣವೂ ಸೇರಿದೆ. ವಿಯೆನ್ನಾದ 1846ರ ಒಂದನೇ ವಾರ್ಡನ್ನು ಲಕ್ಷಕ್ಕೆ ಹಿಗ್ಗಿಸಿದರೆ 11,000 ದಾಟುತ್ತದೆ. ಆದರೆ 69 ಕೂಡ ಸೊನ್ನೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆಗ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಹಾಕುವ ದ್ರವದ ಮೇಲೆ.

ಆಪಾಳ ತಾಯಿ ಕಾರ್ಡನ್ನು ನಾನೀಗ ಪಾಸ್‌ಬುಕ್ಕಿನಂತೆ ಓದಬಲ್ಲೆ. ಧನುರ್ವಾಯುವಿನ ಚುಚ್ಚುಮದ್ದು ಯಾವ ದಿನ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಆಯಿತೇ, ಮೂತ್ರ ಪರೀಕ್ಷೆ ಯಾವಾಗ. ಈ ಪರೀಕ್ಷೆಗಳ ಬಗ್ಗೆ ಮುಜುಗರಪಡುವವರು ಇದ್ದಾರೆ, ನಮ್ಮ ಮೇಲೆ ಸಂಶಯವೇ ಎಂದು ಕೇಳುತ್ತಾರೆ. ಎಲ್ಲ ಬಸುರಿಯರಿಗೂ ಮಾಡುತ್ತಾರೆ, ಏಕೆಂದರೆ ಮೊದಲೇ ಗೊತ್ತಾದರೆ ಈ ರೋಗಗಳು ಕೂಸಿಗೆ ದಾಟುವುದನ್ನು ಬಹುಪಾಲು ತಡೆಯಬಹುದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಆಪಾಳನ್ನು ಪ್ರತಿ ತಿಂಗಳೂ ಅದಕ್ಕೆ ಕರೆದುಕೊಂಡು ಹೋದದ್ದು ನಾನೇ.

ದಿನ ತುಂಬಿ ಹೆಣ್ಣುಮಗು ಹುಟ್ಟಿತು, ಎರಡು ಕೆಜಿ ಎಂಟುನೂರು ಗ್ರಾಂ. ನಲವತ್ತು ದಿನದ ಚಿಲ್ಲಾದಲ್ಲಿ ನೋಡಲು ಬರುವವರಿಗಾಗಿ ಅಂಗಳದಲ್ಲೇ ಬಕೆಟ್, ಸಾಬೂನು ಇಟ್ಟೆ. ನಮ್ಮ ಒಬ್ಬ ಹಿರಿಯ ಸಂಬಂಧಿ ಮೀನು ಮಾರ್ಕೆಟ್ಟಿನಿಂದ ನೇರವಾಗಿ ಬಂದು ಕೂಸನ್ನು ಎತ್ತಿಕೊಳ್ಳಲು ಕೈಚಾಚಿದರು. ಕೈ ತೊಳೆದುಕೊಳ್ಳಿ ಖಾಲಾ ಎಂದೆ. ಅವರ ಮುಖ ಕೆಂಪಾಯಿತು. ಚಹಾ ಕುಡಿಯದೆ ಎದ್ದು ಹೋದರು. ಸಂಜೆ ಅಬ್ಬಾ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು, ನನಗೂ ಬೈದರು. ನಾನು ಹೇಳಿದ ರೀತಿ ಸರಿಯಿರಲಿಲ್ಲ ಎಂದು ಒಪ್ಪುತ್ತೇನೆ. ಎಲ್ಲರೆದುರು ಹೇಳಬಾರದಿತ್ತು, ನಾನೇ ನೀರು ಹಾಕಿಕೊಡಬಹುದಿತ್ತು. ಖಾಲಾ ಹತ್ತು ದಿನ ಬಿಟ್ಟು ಮತ್ತೆ ಬಂದರು. ಬಕೆಟ್ಟಿನ ಹತ್ತಿರ ನಿಂತು, ನನ್ನನ್ನು ನೋಡುತ್ತಾ, ಮೊಣಕೈವರೆಗೆ ತೊಳೆದರು.

ಅವತ್ತು ರಾತ್ರಿ ದಾದಿಗೆ ಸೆಮ್ಮೆಲ್ವೈಸ್ ಕಥೆ ಹೇಳಿದೆ, ಉರ್ದುವಿನಲ್ಲಿ. ಎರಡು ವಾರ್ಡು, ಶವದ ಕೈ, ಹನ್ನೆರಡರಲ್ಲಿ ಹನ್ನೊಂದು. ದಾದಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಅವರ ತಾಯಿಯ ಹೆರಿಗೆ ಮಾಡಿಸಿದ ದಾಯಿ ಬಹಳ ಒಳ್ಳೆಯ ಹೆಂಗಸು, ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು. ಆ ದಿನ ಅವಳು ಇನ್ನೊಂದು ಓಣಿಯ ಬಾಣಂತಿಯನ್ನು ನೋಡಿಕೊಂಡು ಅಲ್ಲಿಂದಲೇ ಬಂದಿದ್ದಳು. ಆ ಬಾಣಂತಿಗೂ ಜ್ವರವಿತ್ತು. ಅದೇ ವಾರ ಆ ಮನೆಯಲ್ಲೂ ಸಾವಾಯಿತು. ಇದನ್ನು ದಾದಿ ಯಾರಿಗೂ ಹೇಳಿರಲಿಲ್ಲ, ಹೇಳುವ ಸಂಗತಿ ಎಂದು ಅವರಿಗೇ ಅನಿಸಿರಲಿಲ್ಲ. ಅವರಿಗೆ ನೆನಪಿದ್ದದ್ದು ಬೇರೆ. ಹೆರಿಗೆಯ ರಾತ್ರಿ ಹೊಸ ತಮ್ಮನನ್ನು ನೋಡಲೆಂದು ಐದು ವರ್ಷದ ಅವರು ಬಾಣಂತಿ ಕೋಣೆಯ ಬಾಗಿಲು ತೆರೆದಿದ್ದರು. ಮುಚ್ಚಲು ಮರೆತಿದ್ದರು. ಬೆಳಗಿನವರೆಗೆ ಬಾಗಿಲು ಹಾಗೇ ಇತ್ತು.

ಆ ಜ್ವರ ಯಾವುದೆಂದು ಇಷ್ಟು ವರ್ಷದ ಮೇಲೆ ಯಾರೂ ಖಚಿತವಾಗಿ ಹೇಳಲಾರರು, ಆದರೆ ಗಾಳಿಯಿಂದ ಆ ಜ್ವರ ಬರುವುದಿಲ್ಲ ದಾದಿ ಎಂದೆ. ಅವರು ಉದ್ರಿ ಪುಸ್ತಕದ ಕೊನೆಯ ಹಾಳೆ ತರಲು ಹೇಳಿದರು. ಅವರಿಗೆ ಓದಲು ಬರುವುದಿಲ್ಲ. ಏಪ್ರಿಲ್, ಮೇ, ಜೂನ್ ಎಂದು ಬೆರಳಿಟ್ಟು ನಾನು ಓದಿದೆ. ಜೂನಿನದನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಆ ಡಾಕ್ಟರರಿಗೆ ಮಕ್ಕಳೆಷ್ಟು ಎಂದು ಕೇಳಿದರು. ಐದು, ಅದರಲ್ಲಿ ಎರಡು ಎಳೆಯದರಲ್ಲೇ ಹೋದವು ಎಂದೆ. ಉಳಿದ ಮೂರಕ್ಕೆ ತಂದೆ ಹೋದಾಗ ಎಷ್ಟು ವಯಸ್ಸು ಎಂದರು. ಚಿಕ್ಕವು, ಎಲ್ಲಕ್ಕೂ ಎಂಟು ವರ್ಷದೊಳಗೆ ಎಂದೆ.